ಕಿವಿ ಮುಂದೆ, ಬೆರಳು ಹಿಂದೆ

ಅರವತ್ತು ದಾಟಿದ ಮೇಲೆ ಪಿಯಾನೊ ಕಲಿಯಲು ಕೂತರೆ ಎಲ್ಲರೂ ಕೇಳುವುದು ಒಂದೇ: ಈ ವಯಸ್ಸಿನಲ್ಲಿ ಬೆರಳು ಬಗ್ಗುತ್ತದಾ? ಬಗ್ಗುತ್ತದೆ. ನಿಧಾನಕ್ಕೆ ಬಗ್ಗುತ್ತದೆ, ಅಷ್ಟೇ. ನನಗೆ ಬೆರಳಿಗಿಂತ ಜಾಸ್ತಿ ತೊಂದರೆ ಕೊಟ್ಟದ್ದು ಕಿವಿ. ಸಣ್ಣವನಿದ್ದಾಗ ಸರಳಿ ವರಸೆ, ಜಂಟಿ ವರಸೆ ಕಲಿತಿದ್ದೆ. ಆಮೇಲೆ ಊರಿನ ಭಜನೆಯಲ್ಲಿ ಹಾರ್ಮೋನಿಯಂ. ಹಾಗಾಗಿ ಯಾವ ಸ್ವರ ಆದ ಮೇಲೆ ಯಾವುದು ಬರಬೇಕು ಅಂತ ಕಿವಿಗೆ ಮೊದಲೇ ಗೊತ್ತು. ಕೈ ಇನ್ನೂ ಗಾಂಧಾರದಲ್ಲಿ ತಡವರಿಸುತ್ತಿರುವಾಗ ಕಿವಿ ಆಗಲೇ ಮೇಲಿನ ಷಡ್ಜ ಮುಟ್ಟಿರುತ್ತದೆ. ಅಲ್ಲಿ ಸುಮ್ನೆ ಕಾಯುವುದೂ ಇಲ್ಲ, ಬೇಗ ಬಾ ಅಂತ ಕೈಯನ್ನು ಎಳೆಯುತ್ತದೆ. ನನ್ನ ಸ್ಕೇಲ್ ಅಭ್ಯಾಸದ, ಅಂದರೆ ಸ್ವರಗಳನ್ನು ಸಾಲಾಗಿ ಏರಿಸಿ ಇಳಿಸುವ ಅಭ್ಯಾಸದ, ಕ್ರಮ ಪೂರ್ತಿ ಬೆಳೆದದ್ದು ಈ ಅವಸರದ ಕಿವಿಯನ್ನು ತಡೆದು ನಿಲ್ಲಿಸುವ ಪ್ರಯತ್ನದಲ್ಲಿ.

ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆಯವನು. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದೆ. ಸ್ವಲ್ಪ ಅಡಿಕೆ ತೋಟ ಇದೆ. ಪಿಯಾನೊ ಮನೆಗೆ ಬಂದದ್ದು ಮೊಮ್ಮಗಳಿಗಾಗಿ. ಮಗಳು ಅಳಿಯ ಬೆಂಗಳೂರಿಗೆ ಹೋದರು, ಅಲ್ಲಿಯ ಫ್ಲ್ಯಾಟಿನಲ್ಲಿ ಇಡಲು ಜಾಗ ಇಲ್ಲ. 88 ಕೀಗಳ ಡಿಜಿಟಲ್ ಪಿಯಾನೊ ನಮ್ಮ ಚಾವಡಿಯಲ್ಲಿ ಉಳಿಯಿತು. ಮರದ ಪಿಯಾನೊ ಆಗಿದ್ದರೆ ನಮ್ಮ ಆಟಿ ತಿಂಗಳ ಮಳೆಯಲ್ಲಿ ಅದನ್ನು ಸಾಕುವುದು ಕಷ್ಟ. ಮರ ಪಸೆ ಹೀರಿ ಉಬ್ಬುತ್ತದೆ, ಕೀ ಅಂಟುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಡಿಜಿಟಲ್‌ಗೆ ಒಂದು ದಪ್ಪ ಬಟ್ಟೆ ಹೊದೆಸಿ, ಇರುವೆ ಹತ್ತದ ಹಾಗೆ ನೋಡಿಕೊಂಡರೆ ಸಾಕು.

ಕೀಗಳ ಜೋಡಣೆ ಹಾರ್ಮೋನಿಯಂನದ್ದೇ. ಬಿಳಿ ಕೀಗಳಿಗೆ ಇಲ್ಲಿ ಸಿ, ಡಿ, ಇ, ಎಫ್, ಜಿ, ಎ, ಬಿ ಅಂತ ಹೆಸರು, ಪಕ್ಕದ ಮೇಲಿನ ಕಪ್ಪು ಅದರ ಶಾರ್ಪ್, ಕೆಳಗಿನದ್ದು ಫ್ಲಾಟ್. ಸಿ ಅಂದರೆ ನಮ್ಮ ಬಿಳಿ ಒಂದು, ಡಿ ಶಾರ್ಪ್ ಅಂದರೆ ಕಪ್ಪು ಎರಡು. ಯಕ್ಷಗಾನದ ಭಾಗವತರು ಶ್ರುತಿ ಹೇಳುವುದೂ ಹೀಗೇ ಅಲ್ವಾ. ಆದರೆ ಹಾರ್ಮೋನಿಯಂನಲ್ಲಿ ಶಬ್ದ ಬರುವುದು ಗಾಳಿಯಿಂದ. ಕೀಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಸ್ವರ ಅಷ್ಟೇ ಜೋರು. ಅದನ್ನು ನೋಡಿಕೊಳ್ಳುವುದು ತಿದಿ ಒತ್ತುವ ಕೈ. ಪಿಯಾನೊದಲ್ಲಿ ಪ್ರತಿ ಕೀಗೂ ಒಂದು ಸುತ್ತಿಗೆ ಇದೆ. ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ 1700ರ ಆಸುಪಾಸಿನಲ್ಲಿ ಮಾಡಿದ ಉಪಾಯ ಅದು. ಕೀ ಎಷ್ಟು ಬೇಗ ಇಳಿಯುತ್ತದೋ ಸುತ್ತಿಗೆ ಅಷ್ಟು ಜೋರಾಗಿ ತಂತಿಗೆ ಬಡಿಯುತ್ತದೆ. ನಮ್ಮ ಡಿಜಿಟಲ್‌ನಲ್ಲಿ ತಂತಿ ಇಲ್ಲದಿದ್ದರೂ ಕೀಯ ಜೊತೆ ತೂಕದ ಸುತ್ತಿಗೆ ಇದೆ, ಇಳಿಯುವ ವೇಗವನ್ನು ಸೆನ್ಸರ್ ಅಳೆಯುತ್ತದೆ. ಎಂಟು ಸ್ವರ ಒಂದೇ ಸಮ ಕೇಳಬೇಕಾದರೆ ಐದು ಬೆರಳೂ ಒಂದೇ ವೇಗದಲ್ಲಿ ಇಳಿಯಬೇಕು. ಬೆರಳುಗಳೋ, ಒಂದರ ಉದ್ದ ಇನ್ನೊಂದಕ್ಕಿಲ್ಲ, ಒಂದರ ಬಲ ಇನ್ನೊಂದಕ್ಕಿಲ್ಲ.

ಕಲಿಸಲು ಸಿಕ್ಕಿದವರು ಬೇಳದ ಕಡೆಯ ಒಬ್ಬ ಯುವತಿ. ಇಗರ್ಜಿಯಲ್ಲಿ ಹಾಡಿನವರಿಗೆ ಕೀಬೋರ್ಡ್ ನುಡಿಸುತ್ತಾರೆ. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು. ನಮ್ಮೂರಿನಲ್ಲಿ ಇದೇನೂ ವಿಶೇಷ ಅಲ್ಲ. ನನ್ನ ಮಗಳಿಗಿಂತ ಸಣ್ಣವರು, ಆದರೂ ನಾನು ಟೀಚರ್ ಅಂತಲೇ ಕರೆಯುವುದು. ಅವರಿಗೆ ನಾನು ಮಾಸ್ಟ್ರು.

"ಒಂದು ಸ್ಕೇಲ್ ನುಡಿಸಿ ಮಾಸ್ಟ್ರೇ, ನೋಡುವ" ಅಂದರು ಮೊದಲ ದಿನ. ಬಿಳಿ ಒಂದರಿಂದ ಶಂಕರಾಭರಣ ಸರಸರ ಏರಿಸಿ ಇಳಿಸಿದೆ. ಸಿ ಮೇಜರ್ ಅಂದರೆ ಅದೇ, ನಮ್ಮ ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯಲ್ಲಿ 29ನೇ ಮೇಳ. ಟೀಚರ್ ಕೇಳುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು.

"ಸ್ವರ ಎಲ್ಲ ಸರಿ ಇದೆ. ಹೆಬ್ಬೆರಳು ಎಲ್ಲಿ?"

ಹೆಬ್ಬೆರಳು ಕೀಗಳ ಆಚೆ ನೇತಾಡುತ್ತಿತ್ತು. ಭಜನೆಯ ಹಾರ್ಮೋನಿಯಂಗೆ ನನಗೆ ತೋರುಬೆರಳು, ನಡುಬೆರಳು, ಉಂಗುರಬೆರಳು ಇವು ಮೂರೇ ಸಾಕಾಗುತ್ತಿತ್ತು. ಪಿಯಾನೊದಲ್ಲಿ ಆ ಆಟ ನಡೆಯುವುದಿಲ್ಲ. ಅಲ್ಲಿ ಹೆಬ್ಬೆರಳಿಗೆ 1, ಕಿರುಬೆರಳಿಗೆ 5 ಅಂತ ನಂಬರ್. ಸಿ ಮೇಜರಿಗೆ ಬಲಗೈ 1 2 3 1 2 3 4 5. ನಡುಬೆರಳು ಇ ಮೇಲೆ ಇರುವಾಗಲೇ ಹೆಬ್ಬೆರಳು ಅಂಗೈ ಅಡಿಯಿಂದ ನುಸುಳಿ ಎಫ್ ಹಿಡಿಯಬೇಕು. ಎಡಗೈ 5 4 3 2 1 3 2 1. ಅಲ್ಲಿ ಹೆಬ್ಬೆರಳು ಜಿ ಮೇಲೆ ನಿಂತಿರುವಾಗ ನಡುಬೆರಳು ಅದರ ಮೇಲಿಂದ ದಾಟಿ ಎ ಮೇಲೆ ಇಳಿಯುತ್ತದೆ. ಸ್ಕೇಲಿನ ಕಷ್ಟ ಎಲ್ಲ ಈ ದಾಟುವ ಜಾಗದಲ್ಲೇ ಇದೆ. ಉಳಿದದ್ದು ಬೆರಳು ಸಾಲಾಗಿ ಇಳಿಯುವುದು, ಅಷ್ಟೇ.

ಎಡಗೈ ಬಗ್ಗೆ ನನಗೆ ಹೆದರಿಕೆ ಇತ್ತು. ಅಷ್ಟು ವರ್ಷ ತಿದಿ ಒತ್ತಿದ್ದು ಬಿಟ್ಟರೆ ಅದಕ್ಕೆ ಸಂಗೀತವೇ ಗೊತ್ತಿಲ್ಲ. ಆದದ್ದು ಉಲ್ಟಾ. ಏನೂ ಗೊತ್ತಿಲ್ಲದ ಕೈ ಹೇಳಿದ ಹಾಗೆ ಕೇಳಿತು. ಎಲ್ಲ ಗೊತ್ತಿದ್ದ ಬಲಗೈ ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಹೆಬ್ಬೆರಳನ್ನು ಹೊರಗೆ ಹಾಕಿ ಹಳೆಯ ಮೂರು ಬೆರಳಿಗೇ ಹೋಗುತ್ತಿತ್ತು. ಹಾಗಾಗಿ ಬಹಳ ದಿನ ನಮ್ಮ ಮನೆಯಲ್ಲಿ ಎಡಗೈ ಮೊದಲು, ಬಲಗೈ ಆಮೇಲೆ. ಹಾರ್ಮೋನಿಯಂ ಬಾರಿಸಿ ಬಂದ ಯಾರಿಗೇ ಆದರೂ ನಾನು ಇದನ್ನೇ ಹೇಳುತ್ತೇನೆ.

ದಿನಕ್ಕೆ ಎಷ್ಟು ಹೊತ್ತು? ಯೂಟ್ಯೂಬಿನಲ್ಲಿ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಸಲಹೆಗಳ ರಾಶಿಯೇ ಇದೆ. ಹನ್ನೆರಡು ಮೇಜರ್, ಹನ್ನೆರಡು ಮೈನರ್, ಸ್ವರ ಬಿಟ್ಟು ಬಿಟ್ಟು ಏರುವ ಆರ್ಪೆಜಿಯೊ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ. ಮಾಸ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ, ಒಂದು ಟೈಂಟೇಬಲ್ ಬರೆದು ಟೀಚರಿಗೆ ತೋರಿಸಿದೆ. ಅವರು ಓದಿ, ನನ್ನ ಜೇಬಿನ ಪೆನ್ನನ್ನೇ ಕೇಳಿ ತೆಗೆದುಕೊಂಡು, ಮೇಲಿನ ಎರಡು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ಅಡ್ಡಗೆರೆ ಎಳೆದರು.

"ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹತ್ತು. ಇನ್ನೂ ಸ್ವಲ್ಪ ಹೊತ್ತು ಕೂರುವ ಅಂತ ಅನಿಸುವಾಗಲೇ ಏಳಬೇಕು ಮಾಸ್ಟ್ರೇ."

ಇದರಲ್ಲಿ ವಿಜ್ಞಾನವೂ ಇದೆ. ಕೈಯ ಕಲಿಕೆ ನಿದ್ದೆಯಲ್ಲೂ ಮುಂದುವರಿಯುತ್ತದೆ. ಬೆರಳಿನಿಂದ ಒಂದು ಕ್ರಮದಲ್ಲಿ ಕೀ ತಟ್ಟುವುದನ್ನು ಸಂಜೆ ಕಲಿಸಿ, ರಾತ್ರಿ ಮಲಗಿ ಎದ್ದ ಮೇಲೆ ಪರೀಕ್ಷೆ ಮಾಡಿದರೆ, ಮಧ್ಯೆ ಏನೂ ಅಭ್ಯಾಸ ಇಲ್ಲದೆ ವೇಗ ಹೆಚ್ಚಾಗಿರುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಸಂಜೆಯ ಹತ್ತು ನಿಮಿಷ ಬಿಡಬೇಡಿ ಅಂತ ಟೀಚರ್ ಹೇಳಿದ್ದು ಅದಕ್ಕೇ ಇರಬೇಕು. ಬೆಳಗಿನದ್ದನ್ನು ನಾನು ಕಾಫಿಗೆ ಕಟ್ಟಿಹಾಕಿದೆ. ತೋಟಕ್ಕೆ ಒಂದು ಸುತ್ತು ಹೋಗಿ ಬಂದು, ಎರಡನೇ ಕಾಫಿ ಕುಡಿದು, ಲೋಟ ಕೆಳಗಿಟ್ಟರೆ ಪಿಯಾನೊ. ಗಡಿಯಾರ ನೋಡುವ ಕೆಲಸ ಇಲ್ಲ.

ಈ ಹದಿನೈದು ನಿಮಿಷದ ಒಳಗೆ ಏನು ಮಾಡಬೇಕು ಅನ್ನುವುದು ಸರಿಯಾಗಿ ಕೂಡಿಬಂದದ್ದು ಮಾತ್ರ ಕರೆಂಟು ಹೋದದ್ದರಿಂದ.

ಜುಲೈ ತಿಂಗಳು. ರಾತ್ರಿಯಿಡೀ ಗಾಳಿಮಳೆ. ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದಿರಬೇಕು, ಬೆಳಿಗ್ಗೆ ಕರೆಂಟಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು. ಕಾಫಿ ಕುಡಿದಾಗಿತ್ತು, ಲೋಟ ಕೆಳಗಿಟ್ಟಾಗಿತ್ತು. ಸುಮ್ನೆ ಹೋಗಿ ಕೂತು, ಸತ್ತ ಕೀಗಳ ಮೇಲೆ ಬಲಗೈ ಇಟ್ಟು ಸಿ ಮೇಜರ್ ಶುರು ಮಾಡಿದೆ.

ಶಬ್ದ ಇಲ್ಲ ಅಂದುಕೊಂಡರೆ ಶಬ್ದ ಇದೆ. ತೂಕದ ಕೀ ತಳ ಮುಟ್ಟುವಾಗ ಒಂದು ಸಣ್ಣ ಟಪ್. ಸ್ವರ ಇದ್ದಾಗ ಅದು ಕೇಳುವುದೇ ಇಲ್ಲ. ಈಗ ಅದೊಂದೇ ಕೇಳುತ್ತಿದೆ. ಟಪ್, ಟಪ್, ಟಪ್, ಆಮೇಲೆ ಒಂದು ಚೂರು ಖಾಲಿ, ಆಮೇಲೆ ಡಬ್ಬ್. ಆ ಡಬ್ಬ್ ಅನ್ನುವುದು ಹೆಬ್ಬೆರಳು ಎಫ್ ಮೇಲೆ ಬಿದ್ದ ಶಬ್ದ. ಮತ್ತೆ ಟಪ್, ಟಪ್, ಆಮೇಲೆ ಬರೀ ಉಸಿರಿನಷ್ಟು. ಅದು ಉಂಗುರಬೆರಳು, ತಳ ಮುಟ್ಟಲೇ ಇಲ್ಲ. ಕೊನೆಗೆ ಕಿರುಬೆರಳಿನ ಒಂದು ಸಣ್ಣ ಕುಟುಕು. ಇನ್ನೊಮ್ಮೆ ನುಡಿಸಿದೆ. ಅದೇ ಖಾಲಿ, ಅದೇ ಡಬ್ಬ್, ಅದೇ ಜಾಗದಲ್ಲಿ.

ಒಳಗಿನಿಂದ ಇವಳು, "ಏನು, ಬೆಳಿಗ್ಗೆ ಬೆಳಿಗ್ಗೆ ಗೆರಟೆ ಒಡೆಯುತ್ತಿದ್ದೀರಾ?" ಅಂತ ಕೇಳಿದಳು.

ವಿಷಯ ಇಷ್ಟೇ. ಸ್ವರ ಕೇಳುವಾಗ ನನ್ನ ಕಿವಿ ಸ್ವರಸ್ಥಾನ ಸರಿ ಇದೆಯಾ ಅಂತ ಮಾತ್ರ ನೋಡುತ್ತದೆ. ಪಿಯಾನೊದಲ್ಲಿ ಸ್ವರಸ್ಥಾನ ತಪ್ಪುವ ಪ್ರಶ್ನೆಯೇ ಇಲ್ಲ, ಸರಿಯಾದ ಕೀ ಒತ್ತಿದರೆ ಮುಗಿಯಿತು. ಶಂಕರಾಭರಣ ಬಂತು ಅಂತ ಕಿವಿ ಸಮಾಧಾನಪಟ್ಟುಕೊಂಡು, ನಡುವಿನ ಎಲ್ಲ ಏರುಪೇರನ್ನೂ ತಾನೇ ತುಂಬಿಕೊಳ್ಳುತ್ತದೆ. ರಾಗ ತೆಗೆದುಬಿಟ್ಟರೆ ಅದಕ್ಕೆ ಹಿಡಿಯಲು ಕಾಲ ಮತ್ತು ಬಲ ಎರಡೇ ಉಳಿಯುತ್ತವೆ. ಆಗ ಅದು ನಿಜವಾಗಿ ಕೇಳಲು ಶುರು ಮಾಡುತ್ತದೆ.

ಸಂಜೆ ಕರೆಂಟು ಬಂತು. ಮರುದಿನ ನಾನು ಸ್ವಿಚ್ ಹಾಕದೆಯೇ ಕೂತೆ. ಅಂದಿನಿಂದ ಬೆಳಗಿನ ಮೊದಲ ಐದು ನಿಮಿಷ ಪಿಯಾನೊ ಆಫ್. ಎಡಗೈ ಒಂದು ಆಕ್ಟೇವ್, ಅಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗೆ, ಏರಿ ಇಳಿಯುವುದು, ಆಮೇಲೆ ಬಲಗೈ. ಟಪ್‌ಗಳು ಒಂದೇ ಸಮ ಬರುವಷ್ಟು ನಿಧಾನ. ಟೀಚರಿಗೆ ಹೇಳಿದಾಗ ನಕ್ಕರು. ಆಮೇಲೆ ತಾವೂ ಸ್ವಿಚ್ ಆಫ್ ಮಾಡಿ ಒಮ್ಮೆ ನುಡಿಸಿ ನೋಡಿದರು. ಅವರದ್ದು ಮಳೆ ನಿಂತ ಮೇಲೆ ಸೂರಿನಿಂದ ಬೀಳುವ ಹನಿಯ ಹಾಗೆ, ಒಂದಕ್ಕೊಂದು ವ್ಯತ್ಯಾಸವೇ ಇಲ್ಲ.

ಆ ಖಾಲಿ ಜಾಗ ತುಂಬಲು ಅವರು ಕೊಟ್ಟ ಮದ್ದು ಗುಂಪು ಒತ್ತುವುದು. ಸಿ ಮೇಜರಿನ ಬಲಗೈಯಲ್ಲಿ ಎರಡೇ ಗುಂಪು ಇರುವುದು: ಸಿ ಡಿ ಇ ಮೂರು ಬೆರಳಿಗೆ, ಎಫ್ ಜಿ ಎ ಬಿ ನಾಲ್ಕು ಬೆರಳಿಗೆ. ಮೂರನ್ನೂ ಒಟ್ಟಿಗೆ ಒತ್ತಬೇಕು, ಕೈ ಎತ್ತಿ ಹಾಗೆಯೇ ಸರಿಸಿ ನಾಲ್ಕನ್ನೂ ಒಟ್ಟಿಗೆ ಒತ್ತಬೇಕು. ಕೇಳಲು ಕರ್ಕಶ. ಆದರೆ ಕೈಗೆ ಮುಂದಿನ ಜಾಗ ಮೊದಲೇ ಗೊತ್ತಾಗುತ್ತದೆ. ಹೆಬ್ಬೆರಳು ಕೊನೆ ಕ್ಷಣದಲ್ಲಿ ಓಡಿಬಂದು ಬೀಳುವುದು ತಪ್ಪುತ್ತದೆ. ತೋರುಬೆರಳು ಡಿ ಮುಟ್ಟುವಾಗಲೇ ಹೆಬ್ಬೆರಳು ಹೊರಟಿರಬೇಕು ಅನ್ನುವುದು ಇದರ ಗುಟ್ಟು.

ಉಂಗುರಬೆರಳಿನದ್ದು ಬೇರೆ ಕಥೆ. ಅದು ಹುಟ್ಟಿನಿಂದಲೇ ಸ್ವತಂತ್ರ ಅಲ್ಲ. ಕೈಯ ಹಿಂಬದಿಯಲ್ಲಿ ಬೆರಳು ಎತ್ತುವ ಸ್ನಾಯುರಜ್ಜುಗಳ ನಡುವೆ ಅಡ್ಡ ಪಟ್ಟಿಗಳಿವೆ, ಉಂಗುರಬೆರಳನ್ನು ಅವು ಅಕ್ಕಪಕ್ಕದ ಬೆರಳುಗಳಿಗೆ ಬಿಗಿದಿವೆ. ನಡುಬೆರಳನ್ನು ಮಡಚಿ ಮೇಜಿನ ಮೇಲೆ ಊರಿ ಉಂಗುರಬೆರಳು ಎತ್ತಲು ನೋಡಿ, ಗೊತ್ತಾಗುತ್ತದೆ. ಕ್ಲಾಸಿನಲ್ಲಿ ಮಕ್ಕಳಿಗೆ ಇದನ್ನು ಮಾಡಿಸಿ ನಗಿಸುತ್ತಿದ್ದವನು ನಾನು. ಈ ಬೆರಳನ್ನು ಗಟ್ಟಿ ಮಾಡುತ್ತೇನೆ ಅಂತ ಹಟಕ್ಕೆ ಬೀಳಬಾರದು. ಸಂಗೀತಗಾರ ಶೂಮನ್ ಬಲಗೈ ಕೆಡಿಸಿಕೊಂಡು ಪಿಯಾನೊ ವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು. ಬೆರಳಿಗೆ ಕಟ್ಟುವ ಒಂದು ಸಾಧನವೇ ಅದಕ್ಕೆ ಕಾರಣ ಅನ್ನುವವರು ಬಹಳ ಮಂದಿ. ನಾಲ್ಕನೇ ಬೆರಳು ಎಲ್ಲಿ ಬರುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆಯಿತು. ಹೆಚ್ಚಿನ ಸ್ಕೇಲುಗಳಲ್ಲಿ ಒಂದು ಆಕ್ಟೇವಿಗೆ ಅದು ಒಂದೇ ಸಲ ಬರುವುದು. ಸಿ, ಜಿ, ಡಿ, ಎ, ಇ ಈ ಐದು ಮೇಜರ್ ಸ್ಕೇಲುಗಳಲ್ಲಿ ಬಲಗೈಯ 4 ಯಾವಾಗಲೂ ನಿಷಾದದ ಮೇಲೆ, ಎಡಗೈಯ 4 ಯಾವಾಗಲೂ ರಿಷಭದ ಮೇಲೆ. ಅದೊಂದನ್ನು ಹಿಡಿದರೆ ಉಳಿದ ಬೆರಳುಗಳು ತಮ್ಮ ಜಾಗಕ್ಕೆ ತಾವೇ ಬರುತ್ತವೆ.

ಲೆಕ್ಕ ಇಡಲು ಮನೆಯಲ್ಲಿದ್ದ ಒಂದು ಖಾಲಿ ಹಾಜರಿ ಪುಸ್ತಕ ತೆಗೆದೆ. ಮಕ್ಕಳ ಹೆಸರಿನ ಜಾಗದಲ್ಲಿ ಸ್ಕೇಲುಗಳ ಹೆಸರು. ತಾಳ ಬಡಿಯುವ ಮೆಟ್ರೊನೋಮಿನ ವೇಗ ಬರೆಯುವವರಿದ್ದಾರೆ, ನಾನು ಬರೆಯುವುದಿಲ್ಲ. ವೇಗ ಬರೆದರೆ ನಾಳೆ ಅದಕ್ಕಿಂತ ಹೆಚ್ಚು ಬೇಕು ಅನಿಸುತ್ತದೆ, ಕಿವಿಗೆ ಬೇಕಾಗಿರುವುದೂ ಅದೇ. ಅವತ್ತು ತೊಂದರೆ ಕೊಟ್ಟ ಬೆರಳಿನ ನಂಬರ್ ಒಂದನ್ನೇ ಬರೆಯುವುದು. ಡಿ ಮೇಜರಿನ ಸಾಲಿನಲ್ಲಿ 1, 1, 4, 1 ಅಂತ ಕಂಡರೆ ಮರುದಿನ ಎಲ್ಲಿಗೆ ಕೈ ಹಾಕಬೇಕು ಅಂತ ಯಾರೂ ಹೇಳಬೇಕಾಗಿಲ್ಲ.

ಯಾವ ಸ್ಕೇಲ್ ಆದ ಮೇಲೆ ಯಾವುದು ಅನ್ನುವುದರಲ್ಲಿ ನಾವು ಸ್ವಲ್ಪ ದಾರಿ ಬಿಟ್ಟು ನಡೆದೆವು. ಸಾಮಾನ್ಯವಾಗಿ ಸಿ ಆದ ಮೇಲೆ ಜಿ, ಆಮೇಲೆ ಡಿ. ಪ್ರತಿ ಸಲ ಪಂಚಮಕ್ಕೆ ಹೋದರೆ ಒಂದೊಂದೇ ಶಾರ್ಪ್ ಹೆಚ್ಚುತ್ತದೆ. ಕಾಗದದ ಮೇಲೆ ಚಂದದ ಕ್ರಮ. ಆದರೆ ಪಿಯಾನೊ ಸಂಗೀತಗಾರ ಶೋಪೆನ್ ತನ್ನ ಶಿಷ್ಯರಿಗೆ ಮೊದಲು ಕೊಡುತ್ತಿದ್ದದ್ದು ಬಿ ಮೇಜರ್. ಸಿ ಮೇಜರ್ ಓದಲು ಸುಲಭ, ಕೈಗೆ ಕಷ್ಟ ಅಂತ ಅವನ ಲೆಕ್ಕ. ಟೀಚರ್ ಇದನ್ನು ಹೇಳಿದಾಗ ನಾನು ನಂಬಲಿಲ್ಲ. ಬಿ ಮೇಜರಿನಲ್ಲಿ ಐದು ಶಾರ್ಪ್, ಅಂದರೆ ಐದೂ ಕಪ್ಪು ಕೀ ಬರುತ್ತವೆ. ಪುಸ್ತಕದಲ್ಲಿ ನೋಡಿದರೆ ತಲೆ ತಿರುಗುತ್ತದೆ.

ಕೈ ಇಟ್ಟಾಗ ಬೇರೆಯೇ ಕಂಡಿತು. ಕಪ್ಪು ಕೀಗಳು ಎತ್ತರದಲ್ಲಿ, ಹಿಂದಕ್ಕೆ ಇವೆ. ಉದ್ದದ ಬೆರಳುಗಳು ಹೋಗಿ ಕೂರುವುದೂ ಅಲ್ಲೇ. ಹೆಬ್ಬೆರಳಿಗೆ ಉಳಿಯುವುದು ಬಿ ಮತ್ತು ಇ, ಎರಡೇ ಬಿಳಿ ಕೀ. ಉಳಿದ ಬೆರಳುಗಳು ಮೇಲೆ ಇರುವಾಗ ಅಡಿಯಲ್ಲಿ ಅದಕ್ಕೆ ಬೇಕಾದಷ್ಟು ಜಾಗ. ಬಲಗೈ 1 2 3 1 2 3 4 5, ಎಡಗೈ 4 3 2 1 4 3 2 1. ಅದಕ್ಕಿಂತ ಮುಖ್ಯ, ಎರಡೂ ಕೈ ಒಟ್ಟಿಗೆ ಏರುವಾಗ ಎರಡೂ ಹೆಬ್ಬೆರಳು ಇ ಮೇಲೆ ಒಟ್ಟಿಗೆ ಬೀಳುತ್ತವೆ. ಹಾಗಾಗಿ ಎರಡು ಕೈ ಸೇರಿಸಿ ಮೊದಲು ಸರಿಯಾಗಿ ಬಂದ ಸ್ಕೇಲ್ ನನಗೆ ಬಿ ಮೇಜರ್. ಇನ್ನೊಂದು ಲಾಭವೂ ಇತ್ತು. ಭಜನೆಯಲ್ಲಿ ಬಿಳಿ ಏಳು ನಾನು ಹಿಡಿದದ್ದೇ ಇಲ್ಲ. ಹಳೆಯ ಅಭ್ಯಾಸ ಅಲ್ಲಿ ಇಲ್ಲ, ಕಿವಿಗೂ ಅವಸರ ಇಲ್ಲ.

ಸಿ ಮೇಜರಿಗೆ ಎರಡು ಕೈ ಸೇರಿಸುವುದು ಕಷ್ಟ, ಯಾಕೆಂದರೆ ಎರಡರ ಹೆಬ್ಬೆರಳು ಬೇರೆ ಬೇರೆ ಜಾಗದಲ್ಲಿ ದಾಟುತ್ತವೆ. ಬಲಗೈ ಎಫ್‌ನಲ್ಲಿ, ಎಡಗೈ ಜಿ ಆದ ಮೇಲೆ. ಇದಕ್ಕೆ ಎರಡು ಮೆಟ್ಟಿಲು ಮಾಡಿಕೊಂಡೆವು. ಮೊದಲನೆಯದು ಎರಡೂ ಹೆಬ್ಬೆರಳನ್ನು ನಡುವಿನ ಸಿ ಮೇಲೆ ಇಟ್ಟು ಕೈಗಳನ್ನು ಎರಡು ಕಡೆಗೆ ಬಿಡುವುದು. ಬಲಗೈ ಏರುತ್ತದೆ, ಎಡಗೈ ಇಳಿಯುತ್ತದೆ. ಎರಡೂ ಕೈಗೆ ಅದೇ ಬೆರಳು ಅದೇ ಹೊತ್ತಿಗೆ ಬರುವುದರಿಂದ ತಲೆಗೆ ಭಾರ ಇಲ್ಲ. ಎರಡನೆಯದು ಒಟ್ಟಿಗೆ ಏರುವಾಗ ಕಣ್ಣಿಡಬೇಕಾದ ಜಾಗ: ನಡುಬೆರಳುಗಳು ಎರಡೂ ಇ ಮೇಲೆ ಒಮ್ಮೆ, ಎ ಮೇಲೆ ಒಮ್ಮೆ ಸೇರುತ್ತವೆ. ಗಾಂಧಾರದಲ್ಲಿ ಭೇಟಿ, ಧೈವತದಲ್ಲಿ ಭೇಟಿ. ಅಲ್ಲಿಗೆ ಸರಿಯಾಗಿ ಬಂದರೆ ನಡುವೆ ಸ್ವಲ್ಪ ಆಚೀಚೆ ಆದರೂ ಸಂಭಾಳಿಸಬಹುದು.

ವೇಗಕ್ಕೆ ನಾನು ನಮ್ಮ ಪದ್ಧತಿಯನ್ನೇ ಬಿಡಲಿಲ್ಲ. ಮೆಟ್ರೊನೋಮ್ 60ಕ್ಕೆ ಇಟ್ಟರೆ ಅಲ್ಲಿಂದ ಅಲುಗಿಸುವುದಿಲ್ಲ. ಮೊದಲ ಕಾಲದಲ್ಲಿ ಒಂದು ಬಡಿತಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ದಿನಕ್ಕೆ ಎರಡೆರಡು ಅಂಕ ಏರಿಸುವುದು ಟೀಚರ್ ಕಲಿತ ರೀತಿ. ಆದರೆ ಮೂರು ಕಾಲ ನನ್ನ ಮೈಗೆ ಹೊಂದಿಕೊಂಡದ್ದು. ಮೂರನೇ ಕಾಲ ಬರದಿದ್ದರೆ ಬರಲಿಲ್ಲ, ಎರಡರಲ್ಲಿ ನಿಲ್ಲಿಸುತ್ತೇನೆ. ಕಾಲ ದುಪ್ಪಟ್ಟಾಗುವುದರಿಂದ ಸುಮ್ನೆ ಚೂರುಚೂರಾಗಿ ಓಡಲು ಕಿವಿಗೆ ಅವಕಾಶ ಸಿಗುವುದಿಲ್ಲ.

ಸಂಜೆಯದ್ದು ಲಾಟರಿ. ಕಲಿತ ಸ್ಕೇಲುಗಳ ಹೆಸರು ಬರೆದ ಚೀಟಿಗಳು ಒಂದು ಡಬ್ಬಿಯಲ್ಲಿವೆ. ಮೂರು ಚೀಟಿ ಎತ್ತಿ, ಬಂದದ್ದನ್ನು ನುಡಿಸುವುದು. ಕ್ಲಾಸಿನಲ್ಲಿ ಸಾಲಾಗಿ ಪ್ರಶ್ನೆ ಕೇಳುತ್ತಾ ಹೋದರೆ ಮಕ್ಕಳು ತಮ್ಮ ಸರದಿಯ ಪ್ರಶ್ನೆ ಮಾತ್ರ ನೋಡಿಕೊಳ್ಳುತ್ತಾರೆ. ಬೆರಳುಗಳೂ ಹಾಗೆಯೇ. ಜಿ ಆದ ಮೇಲೆ ಡಿ ಅಂತ ಗೊತ್ತಿದ್ದರೆ ಚೆನ್ನಾಗಿ ಬರುತ್ತದೆ. ಇದ್ದಕ್ಕಿದ್ದಂತೆ ಎಫ್ ಬಂದರೆ ಬಲಗೈ ಗಲಿಬಿಲಿ. ಅಲ್ಲಿ ಬಿ ಫ್ಲಾಟ್ ನಾಲ್ಕನೇ ಸ್ವರ, ಅದಕ್ಕೆ ನಾಲ್ಕನೇ ಬೆರಳು, 1 2 3 4 1 2 3 4. ಬೇರೆ ಎಲ್ಲದರಲ್ಲೂ ಮೂರಕ್ಕೆ ದಾಟಿ ದಾಟಿ ಅಭ್ಯಾಸ ಆದ ಹೆಬ್ಬೆರಳು ಇಲ್ಲಿ ಒಂದು ಸ್ವರ ಕಾಯಬೇಕು.

ಕೈಯ ಆರೋಗ್ಯದ ಬಗ್ಗೆ ಎರಡು ಮಾತು. ಚಳಿಗಾಲದಲ್ಲಿ, ಜೋರು ಮಳೆಗಾಲದಲ್ಲಿ ಬೆಳಿಗ್ಗೆ ಗೆಣ್ಣುಗಳು ಬಿಗಿದಿರುತ್ತವೆ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೈ ಅದ್ದಿ ಕೂರುತ್ತೇನೆ. ಅಡಿಕೆ ಸುಲಿದ ದಿನ ಸಂಜೆ ಪಿಯಾನೊ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡಾಗ ಡಾಕ್ಟರು ಹೇಳಿದ್ದೂ ಅದೇ, ನೋವಿನ ಮೇಲೆ ಅಭ್ಯಾಸ ಮಾಡಬೇಡಿ. ಆದರೆ ಕಾರಣ ಹಿಡಿದದ್ದು ಮೊಮ್ಮಗಳು. ವೀಡಿಯೊ ಕಾಲಿನಲ್ಲಿ ಪಕ್ಕದಿಂದ ನೋಡುತ್ತಾ, "ಅಜ್ಜಾ, ಹೆಬ್ಬೆರಳು ಒಳಗೆ ಹೋಗುವಾಗಲೆಲ್ಲ ನಿಮ್ಮ ಮೊಣಕೈ ಹಾರ್ತಾ ಇದೆ" ಅಂದಳು. ಪ್ಲಾಸ್ಟಿಕ್ ಕುರ್ಚಿ ತಗ್ಗಾಗಿತ್ತು. ಮೊಣಕೈ ಕೀಗಳ ಮಟ್ಟಕ್ಕೆ ಬರುವ ಹಾಗೆ ಮಣೆಯೊಂದನ್ನು ಇಟ್ಟು ಕೂತ ಮೇಲೆ ಮೊಣಕೈ ಹಾರುವುದು ನಿಂತಿತು. ನೋವೂ ಮೆಲ್ಲಗೆ ಹೋಯಿತು.

ಕಿವಿಗೂ ಒಂದು ತಕರಾರು ಇತ್ತು, ಅದು ನ್ಯಾಯದ್ದೇ. ತಂಬೂರಿ ಕೇಳಿ ಬೆಳೆದವರಿಗೆ ಪಿಯಾನೊದ ಗಾಂಧಾರ ಒಂದು ಎಳೆ ಮೇಲೆ ಅನಿಸುತ್ತದೆ. ನಡುವಿನ ಸಿ 261.6 ಹರ್ಟ್ಸ್. ಅದಕ್ಕೆ ನಾಲ್ಕಕ್ಕೆ ಐದರ ಲೆಕ್ಕದಲ್ಲಿ ಸಹಜವಾದ ಗಾಂಧಾರ ಬರಬೇಕಾದದ್ದು 327ರಲ್ಲಿ. ಪಿಯಾನೊದ ಇ ಇರುವುದು 329.6ರಲ್ಲಿ. ಹನ್ನೆರಡು ಸ್ವರಗಳಿಗೂ ಸಮಪಾಲು ಹಂಚಿದ್ದರಿಂದ ಹಾಗೆ. ಅದರಿಂದಲೇ ಯಾವ ಕೀಯಿಂದ ಶುರು ಮಾಡಿದರೂ ಸ್ಕೇಲ್ ಒಂದೇ ಥರ ಕೇಳುತ್ತದೆ. ಹಾರ್ಮೋನಿಯಂನಲ್ಲೂ ಇದೇ ಇದ್ದರೂ ಭಜನೆಯ ಗದ್ದಲದಲ್ಲಿ ಯಾರು ಗಮನಿಸುತ್ತಾರೆ.

ನಡುವೆ ನನ್ನದೊಂದು ಸೇರಿಸಿದೆ. ಸಿಯಿಂದ ಮಾಯಾಮಾಳವಗೌಳ: ಸಿ, ಡಿ ಫ್ಲಾಟ್, ಇ, ಎಫ್, ಜಿ, ಎ ಫ್ಲಾಟ್, ಬಿ. ನಮ್ಮಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ರಾಗ, ಪುರಂದರದಾಸರು ಹಾಕಿಕೊಟ್ಟ ದಾರಿ ಅನ್ನುತ್ತಾರೆ. ಬೆರಳು 1 2 3 1 2 3 4 5, ಸಿ ಮೇಜರಿನದ್ದೇ. ಟೀಚರ್ ತಾವೂ ಕೂತು ನುಡಿಸಿದರು. ಇ ಮತ್ತು ಡಿ ಫ್ಲಾಟ್ ನಡುವಿನ ದೂರ ಅವರ ಕಿವಿಗೆ ಹೊಸದು, ನನ್ನ ಕಿವಿಗೆ ತವರು. ಅವತ್ತು ಮಾತ್ರ ಅವರಿಗಿಂತ ನನ್ನದು ಸಮನಾಗಿತ್ತು. ಅವರೇ ಒಪ್ಪಿದರು.

ಇದೆಲ್ಲ ಯಾಕೆ ಅಂತ ಕೇಳುವವರಿಗೆ ಭಜನೆಯ ಉದಾಹರಣೆ ಕೊಡುತ್ತೇನೆ. ಒಬ್ಬರು ಬಿಳಿ ಒಂದರಲ್ಲಿ ಹಾಡಿದರೆ, ಮುಂದೆ ಹಾಡುವ ಅಕ್ಕನಿಗೆ ಕಪ್ಪು ಮೂರು ಬೇಕು. ಹಿಂದೆಲ್ಲ ನಾನು ಪರಿಚಯದ ಎರಡು ಮೂರು ಶ್ರುತಿಗೆ ಎಲ್ಲರನ್ನೂ ಎಳೆದು ತರುತ್ತಿದ್ದೆ. ಕೀಬೋರ್ಡಿನಲ್ಲಿ ಗುಂಡಿ ಒತ್ತಿ ಶ್ರುತಿ ಬದಲಿಸಬಹುದು, ನಮ್ಮ ಭಜನೆಯ ಹಾರ್ಮೋನಿಯಂನಲ್ಲಿ ಆ ಗುಂಡಿ ಇಲ್ಲ. ಈಗ ಅವರು ಎಲ್ಲಿ ಹಿಡಿದರೂ ಕೈ ಅಲ್ಲಿಗೆ ಹೋಗುತ್ತದೆ. ಮೊನ್ನೆ ನವರಾತ್ರಿ ಭಜನೆಯಲ್ಲಿ ಪಕ್ಕದ ಮನೆ ಭಾವ, "ಏನು ಮಾಸ್ಟ್ರೇ, ಹೆಬ್ಬೆರಳೂ ಕೆಲಸಕ್ಕೆ ಸೇರಿದೆಯಲ್ಲ" ಅಂದರು.

ಈಗ ಎ ಹಾರ್ಮೋನಿಕ್ ಮೈನರ್ ನಡೆಯುತ್ತಿದೆ. ನಮ್ಮ ಕೀರವಾಣಿ, 21ನೇ ಮೇಳ. ಎಫ್‌ನಿಂದ ಜಿ ಶಾರ್ಪಿಗೆ ಒಂದು ದೊಡ್ಡ ಹೆಜ್ಜೆ ಇದೆ. ಎಡಗೈಯಲ್ಲಿ ಅದು ನಡುಬೆರಳು ತೋರುಬೆರಳಿಗೆ ಬರುತ್ತದೆ, ತೊಂದರೆ ಇಲ್ಲ. ಬಲಗೈಯಲ್ಲಿ ಸರಿಯಾಗಿ 3 ಮತ್ತು 4ರ ನಡುವೆ, ಅಂದರೆ ಒಂದಕ್ಕೊಂದು ಕಟ್ಟಿಹಾಕಿದ ಬೆರಳುಗಳ ನಡುವೆ. ಕಿವಿಗೆ ಕೀರವಾಣಿ ಅಂದರೆ ಪ್ರಾಣ, ಆ ಹೆಜ್ಜೆ ಬಂದ ಕೂಡಲೇ ಹಾರಲು ನೋಡುತ್ತದೆ. ಸ್ವಿಚ್ ಆಫ್ ಮಾಡಿ ನುಡಿಸಿದರೆ ಟಪ್ ಒಂದೇ ಸಮ ಬರುತ್ತದೆ, ಆನ್ ಮಾಡಿದರೆ ಇಲ್ಲ. ಹಾಜರಿ ಪುಸ್ತಕದ ಆ ಸಾಲಿನಲ್ಲಿ ಈಗಲೂ 4, 4, 4. ಚೀಟಿ ಬರೆದಿಟ್ಟಿದ್ದೇನೆ, ಡಬ್ಬಿಗೆ ಹಾಕಲು ಟೀಚರ್ ಇನ್ನೂ ಒಪ್ಪಿಲ್ಲ. ಬರುವ ಶನಿವಾರ ಮತ್ತೆ ಕೇಳಿ ನೋಡಬೇಕು.